ಮೊದಲು ಹರಿಯಬೇಕಾದ ನೂಲು

ಮೇಣದ ವಾಸನೆಯಲ್ಲ ಇದು, ಮೇಣ ಹೀಗಿರುವುದಿಲ್ಲ, ಬಹುಕಾಲ ಪೆಟ್ಟಿಗೆಯಲ್ಲಿ ಮಡಿಚಿಟ್ಟ ಮಳೆಯಂಗಿಯ ವಾಸನೆ, ನರಸಯ್ಯ ಉಂಡೆಯಿಂದ ತುದಿ ಎಳೆದು ಬೆಳಕಿಗೆ ಹಿಡಿದಾಗ ಮೂಗಿಗೆ ತಾಗಿ ಹೋಯಿತು, ಬಾಗಿಲ ಬಿಸಿಲಿನಲ್ಲಿ ನೈಲಾನು ದಾರ ಒಂದು ಕ್ಷಣ ಇಲ್ಲವಾಗಿ ಮರುಕ್ಷಣ ಹೊಳೆಯಿತು, ಇಬ್ಬನಿಯಲ್ಲಿ ತೊಯ್ದ ಜೇಡನ ಎಳೆ — ಬೇಡ, ಉಪಮೆ ಬೇಡ, ಉಪಮೆಗಳಿಂದಲೇ ಇಷ್ಟೆಲ್ಲ ಆದದ್ದು, ನೈಲಾನು ನೈಲಾನಿನಂತೆಯೇ ಹೊಳೆಯಿತು ಎಂದರೆ ಸಾಕು. ಹಲಗೆಯ ಮೇಲೆ ಕಪ್ಪು ನೈಲಾನಿನ ಪಕ್ಕದಲ್ಲಿ ಮೇಣ ಕುಡಿದ ಅಗಸೆ ನಾರಿನ ಉಂಡೆ, ಅದರಾಚೆ ಬಿಳಿಯ ಹತ್ತಿ ನೂಲು, ಆರಿಸಬೇಕು, ಮಕ್ತಲಿನಿಂದ ಬೆಳಗಿನ ಬಸ್ಸು ಹಿಡಿದು ನಾರಾಯಣಪೇಟೆಯ ಈ ಅಂಗಡಿಗೆ ಬಂದದ್ದೇ ಅದಕ್ಕೆ, ನಾಡಿದ್ದು ಗದ್ವಾಲದ ಶಿಬಿರದಲ್ಲಿ ಸಂಗಮ್ಮನಿಗೆ ರಬ್ಬರಿನ ಕಾಲು ತೊಡಿಸುತ್ತಾರೆ, ಬಲಗಾಲು, ಮೊಣಕಾಲಿನಿಂದ ಕೆಳಗಿನದು, ನಾಲ್ಕು ತಿಂಗಳ ಹಿಂದೆ ರಾಯಚೂರಿನಲ್ಲಿ ತೆಗೆದದ್ದರ ಬದಲಿಗೆ, ಬರುವಾಗ ಎರಡು ಪಾದಕ್ಕೂ ಒಂದೇ ಎತ್ತರದ ಮೆತ್ತನೆಯ ಚಪ್ಪಲಿ ತನ್ನಿ ಎಂದು ಫೋನಿನಲ್ಲಿ ಹೇಳಿದ್ದಾರೆ, ಮತ್ತು ಸಂಗಮ್ಮನ ಚಪ್ಪಲಿ ಹೊಲಿಯುವವನು ನಾನು, ಅವಳ ಗಂಡ, ಮೂವತ್ತೆಂಟು ವರ್ಷ ಕನ್ನಡ ಶಾಲೆಯಲ್ಲಿ ಪದ್ಯ ಪಾಠ ಮಾಡಿದ ತಾಯಣ್ಣ ಮಾಸ್ತರ. ರಾಂಡಿ ಸಾರೂ, ಬರ್ರಿ, ಎಂದು ತೆಲುಗು ಬೆರೆಸಿ ಕರೆದು ಕುರ್ಚಿ ಒರೆಸಿ ಕೂರಿಸಿದ ನರಸಯ್ಯ ಈಗ ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತಿದ್ದಾನೆ, ಏನ್ರಿ ಮಾಸ್ತರ್ರ, ದಾರ ನೋಡಾಕ ಬಂದೀರೋ ಜಾತಕ ನೋಡಾಕೋ, ಅರ್ಧ ತಾಸಾತು, ನನ್ನ ಮಗಳಿಗೆ ವರ ನೋಡಿದಾಗೂ ಇಷ್ಟೊತ್ತು ಹಿಡೀಲಿಲ್ಲ. ನಗುತ್ತಾನೆ. ನಾನೂ ನಗುತ್ತೇನೆ, ತುಟಿಗಳು ತಮ್ಮ ಕೆಲಸ ಮಾಡುತ್ತವೆ, ಚಹಾ ತಣ್ಣಗಾಗಿ ಕೆನೆಗಟ್ಟಿದೆ.

ಬೀದಿಯ ಆಚೆಗಿನ ಮನೆಗಳಲ್ಲಿ ಮಗ್ಗಗಳು ಬಡಿಯುತ್ತಿವೆ, ಒಂದು ನಿಂತರೆ ಇನ್ನೊಂದು, ಕಟ್ಟೆಯ ಮೇಲೆ ಅರಿಶಿನ ಬಣ್ಣದ ಲಡಿಗಳನ್ನು ಒಣಗಲು ಬಿಟ್ಟಿದ್ದಾರೆ, ಈ ಊರಿನಲ್ಲಿ ದಾರವೆಂದರೆ ಸೀರೆ, ಅಂಚು, ಚೌಕಳಿ, ನರಸಯ್ಯನ ಅಂಗಡಿಯ ಮುಂಭಾಗವೆಲ್ಲ ನೇಯುವವರಿಗೆ, ಹಿಂದಿನ ಒಂದು ಗೂಡು ಮಾತ್ರ ತೊಗಲು ಹೊಲಿಯುವವರಿಗೆ, ಅವನ ತಂದೆಯ ಕಾಲದಿಂದಲೂ ಹಾಗೆಯೇ, ಆದರೆ ಆ ಕಾಲದಲ್ಲಿ ಕುರ್ಚಿ ಇರಲಿಲ್ಲ, ನನ್ನ ಅಪ್ಪ ಹುಸೇನಪ್ಪ ಮೆಟ್ಟಿಲ ಕೆಳಗೆ ನಿಂತು ಹೆಗಲ ವಸ್ತ್ರವನ್ನು ಎರಡು ಕೈಯಲ್ಲಿ ಹಾಸಿ ಹಿಡಿಯುತ್ತಿದ್ದ, ಮೇಲಿನಿಂದ ನೂಲಿನ ಲಡಿ ಅದರೊಳಕ್ಕೆ ಬೀಳುತ್ತಿತ್ತು, ಕೈಗೆ ಕೈ ತಾಗದಂತೆ, ಪಕ್ಕದಲ್ಲಿ ನಿಂತ ನನಗೆ ಆ ಬೀಳುವ ಸದ್ದು ಈಗಲೂ ಕೇಳಿಸುತ್ತದೆ, ಸದ್ದೆಂದು ಕರೆಯಲಾಗದಷ್ಟು ಮೆತ್ತಗಿನ ಸದ್ದು. ಅಪ್ಪ ಲಡಿಯಿಂದ ಒಂದು ಎಳೆ ಬಿಡಿಸಿ ಬಾಯಲ್ಲಿ ನೆನೆಸಿ, ಎರಡು ಕೈಗಳ ನಡುವೆ ಬಿಗಿದು, ಕಿವಿಯ ಹತ್ತಿರ ತಂದು ಹೆಬ್ಬೆರಳಿನಿಂದ ಮೀಟಿ ಕೇಳುತ್ತಿದ್ದ, ಕಣ್ಣು ಮುಚ್ಚಿ, ಆಮೇಲೆ ತಲೆಯಾಡಿಸುತ್ತಿದ್ದ, ಇದು ಬ್ಯಾಡ್ರಿ ಸಾವ್ಕಾರ್ರ, ಬಾಳ ಗಟ್ಟಿ ಐತಿ. ನರಸಯ್ಯನ ತಂದೆ ಗಹಗಹಿಸಿ ನಕ್ಕದ್ದು ನೆನಪಿದೆ, ಗಟ್ಟಿ ಐತಿ ಅಂತ ದಾರ ಬ್ಯಾಡ ಅನ್ನೋ ಮನಷಾನ್ನ ನಿನ್ನ ಒಬ್ಬನ್ನ ನೋಡಿನಲೋ ಹುಸೇನಿ, ಹಂಗಾರ ಹರಿಯೋದು ಕೊಡಲೇನು. ಕೊಡ್ರಿ, ಅಂದಿದ್ದ ಅಪ್ಪ, ಹೊತ್ತಿಗೆ ಸರಿಯಾಗಿ ಹರಿಯೋದು ಕೊಡ್ರಿ. ದಾರಿಯಲ್ಲಿ ನನಗೆ ಹೇಳಿದ, ನೂಲು ಮೊದಲು ಸೋಲಬೇಕೋ ತಮ್ಮಾ, ತೊಗಲು ಆಮ್ಯಾಲ, ನೂಲು ಹೋತಂದ್ರ ಮತ್ತ ಹೊಲೀತೀನಿ, ನೂಲು ಉಳದು ತೊಗಲು ಸೀಳಿತಂದ್ರ ನಾ ಏನು ಹೊಲೀಲಿ. ಹತ್ತು ವರ್ಷದ ನನಗೆ ಅದು ಅರ್ಥವಾಯಿತು ಎಂದು ತೋರಿತ್ತು, ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಈ ಕುರ್ಚಿಯ ಮೇಲೆ ಕುಳಿತು ನೋಡಿದರೆ ಅದನ್ನು ಅರ್ಥ ಮಾಡಿಕೊಳ್ಳಲು ಒಂದು ಕಾಲು ಬೇಕಾಯಿತು, ನನ್ನದಲ್ಲದ ಒಂದು ಕಾಲು.

ಸಂಗಮ್ಮನ ಪಾದಗಳು ಮರಗಟ್ಟಿ ಆರು ವರ್ಷವಾಗಿತ್ತು, ಸಕ್ಕರೆ ಬೇನೆ, ಕಾಲಾಗ ಹತ್ತಿ ತುಂಬಿದಂಗ ಆಗೈತ್ರಿ, ನೆಲ ಎಲ್ಲೈತಿ ಅಂತ ಕಣ್ಣಿಲೆ ನೋಡಿ ನಡೀತೀನಿ, ಎನ್ನುತ್ತಿದ್ದಳು, ಅಂಗಡಿಯ ಚಪ್ಪಲಿಗಳು ಕಚ್ಚುತ್ತಿದ್ದವು, ಕಚ್ಚಿದ್ದು ಅವಳಿಗೆ ತಿಳಿಯುತ್ತಿರಲಿಲ್ಲ, ಮೆತ್ತಗಿನದನ್ನು ಹೇಳಿ ಮಾಡಿಸಿ ಎಂದರು ಡಾಕ್ಟರು, ನಾನು ನಿವೃತ್ತನಾಗಿದ್ದೆ, ಅಪ್ಪನ ಪೆಟ್ಟಿಗೆ ಅಟ್ಟದ ಮೇಲಿತ್ತು, ತೊಗಲು ಸವರುವ ರಂಪಿಗೆ, ತೂತು ಹಾಕುವ ಆರಿ, ಹಿಡಿ ಸವೆದ ಸುತ್ತಿಗೆ, ಕೈ ಮರೆತಿರಲಿಲ್ಲ. ಹಳೆಯ ಪತ್ರಿಕೆಯ ಹಾಳೆಯ ಮೇಲೆ ಅವಳ ಪಾದವಿರಿಸಿ ಸುತ್ತ ಪೆನ್ಸಿಲಿನ ಗೆರೆ ಎಳೆದೆ, ಸಾಕ್ ಬಿಡ್ರಿ ಯಾರಾರ ನೋಡಿದ್ರ ಎಂದು ನಾಚಿ ಬೆರಳು ಮಡಚಿಕೊಂಡಳು, ಹಾಗಾಗಿ ಗೆರೆಯಲ್ಲಿ ಹೆಬ್ಬೆರಳು ತುಸು ಮೊಂಡಾಗಿದೆ, ಆ ಹಾಳೆ ಈಗಲೂ ನನ್ನ ಪದ್ಯದ ನೋಟುಬುಕ್ಕಿನೊಳಗೆ ಇದೆ, ಕಾಲು ಇಲ್ಲ, ಗೆರೆ ಇದೆ. ಮೊದಲ ಮೂರು ಜೊತೆ ಹತ್ತಿ ನೂಲಿನಲ್ಲೇ ಹೊಲಿದೆ, ಅಪ್ಪನಂತೆ ನಾಲ್ಕೆಳೆ ಸೇರಿಸಿ ತೊಡೆಯ ಮೇಲೆ ಹೊಸೆದು, ಜೇನುಮೇಣ ತಿಕ್ಕಿ, ಎರಡು ಸೂಜಿಗಳಿಂದ ಒಂದೇ ತೂತಿನಲ್ಲಿ ಆಚೆಯಿಂದ ಈಚೆಗೆ ಈಚೆಯಿಂದ ಆಚೆಗೆ, ವರ್ಷ ವರ್ಷ ಬಾಳಿ ತಾವಾಗಿಯೇ ಸೋತವು, ಬಿಚ್ಚಿ ಮತ್ತೆ ಹೊಲಿದೆ. ನಾಲ್ಕನೆಯದೂ ಹತ್ತಿಯದೇ, ಅದು ಗದ್ವಾಲದ ಸಂತೆಯಲ್ಲಿ ಕೈಕೊಟ್ಟಿತು, ತಂಗಿಯ ಮಗಳ ಮದುವೆಗೆ ಸೀರೆ ಕೊಳ್ಳಲು ಹೋದಾಗ, ಏಪ್ರಿಲ್ ಬಿಸಿಲು, ಮಳಿಗೆಗಳ ನಡುವೆ ಉಂಗುಟದ ಹೊಲಿಗೆ ಬಿಟ್ಟು ಅಟ್ಟೆ ಬಾಯ್ದೆರೆಯಿತು, ಮುಗ್ಗರಿಸಿ ಬಿದ್ದಳು, ಸೆರಗು ಸರಿದು, ಕುಂಕುಮದ ಪೊಟ್ಟಣ ಚೆಲ್ಲಿ, ಯಾರೋ ಹುಡುಗಿ ಕೈ ಹಿಡಿದು ಎಬ್ಬಿಸುವಾಗ ಅಯ್ಯೋ ಅವ್ವಾ ಯಾವ ಮೋಚಿ ಹೊಲಿದದ್ದು ಇದು ಎಂದಳು, ಸಂಗಮ್ಮ ಎಲ್ಲರ ಮುಂದೆ ನನ್ನತ್ತ ಕೈ ತೋರಿದಳು, ಇವರ ನೋಡವಾ, ದೊಡ್ಡ ಮಾಸ್ತರು, ಪದ್ಯದಾಗ ಪ್ರಾಸ ತಪ್ಪಂಗಿಲ್ಲ, ಚಪ್ಪಲ್ಯಾಗ ಹೊಲಿಗಿ ನಿಂದ್ರಂಗಿಲ್ಲ. ಜನ ನಕ್ಕರು, ಅವಳೂ ನಕ್ಕಳು, ಮಂಡಿ ತರಚಿ ರಕ್ತ ಬರುತ್ತಿತ್ತು. ನಾನು ನಗಲಿಲ್ಲ. ಆ ವಾರವೇ ಇಲ್ಲಿಗೆ ಬಂದೆ, ಇದೇ ಗೂಡಿನಿಂದ ಇದೇ ಕಪ್ಪು ನೈಲಾನನ್ನು ನರಸಯ್ಯ ಇಳಿಸಿದ, ಇದು ನೋಡ್ರಿ, ಎತ್ತು ಕಟ್ಟಿ ಜಗ್ಗಿದ್ರೂ ಹರಿಯಂಗಿಲ್ಲ, ನಾವು ಹೋದ ಮ್ಯಾಲೂ ಇರತೈತಿ. ನಾವು ಹೋದ ಮೇಲೂ. ಆ ಮಾತು ನನ್ನೊಳಗೆ ಏನನ್ನೋ ಮೀಟಿತು, ಬಸ್ಸಿನಲ್ಲಿ ಕುಳಿತವನು ಊರು ಸೇರುವಷ್ಟರಲ್ಲಿ ಟಿಕೇಟಿನ ಹಿಂಬದಿಗೆ ನಾಲ್ಕು ಸಾಲು ಬರೆದಿದ್ದೆ, ಹರಿಯದ ದಾರವೊಂದು, ಇಬ್ಬರ ನಡುವೆ, ಇಬ್ಬರೂ ಮುಗಿದ ಮೇಲೂ ಬಿಗಿಯಾಗಿ — ದಾಂಪತ್ಯದ ಪ್ರತಿಮೆ, ಎಷ್ಟು ಹೊಸದು ಎನಿಸಿತ್ತು, ಮುಂದಿನ ವಾರದ ಕವಿಗೋಷ್ಠಿಯಲ್ಲಿ ಓದಿದೆ, ಸಾಲುಗಳ ನಡುವಿನ ಮೌನವನ್ನೂ ಲೆಕ್ಕ ಹಾಕಿ ಓದಿದೆ, ಚಪ್ಪಾಳೆ ಬಂತು. ದಾರ ಆರಿಸಿದವನು ಚಮ್ಮಾರ ಹುಸೇನಪ್ಪನ ಮಗನಲ್ಲ, ಕವಿ, ಕಿವಿಯ ಬಳಿ ಹಿಡಿದು ಮೀಟಿ ನೋಡಲಿಲ್ಲ, ಪ್ರತಿಮೆ ಚೆನ್ನಾಗಿತ್ತೆಂದು ಕೊಂಡುಕೊಂಡ.

ಎಡಗಾಲಿನದು ಸರಿಯಾಗಿಯೇ ಬಂತು, ಹೊಲಿಗೆಯನ್ನು ಪಾದದ ಕಮಾನಿನ ಕೆಳಗೆ ಆರಂಭಿಸಿ ಸುತ್ತಿ ಬಂದು ಅಲ್ಲೇ ಮುಗಿಸಿದೆ, ಅಲ್ಲಿ ದೇಹದ ಭಾರ ಬೀಳುವುದಿಲ್ಲ, ಗಂಟು ಇದ್ದರೂ ತಾಗುವುದಿಲ್ಲ. ಬಲಗಾಲಿಗೆ ದಾರ ಒಂದು ಗೇಣು ಕಡಿಮೆಯಾಯಿತು. ಒಂದು ಗೇಣು. ಹತ್ತಿಯಾಗಿದ್ದರೆ ಎರಡು ತುದಿಗಳನ್ನು ಬಿಡಿಸಿ ಎಳೆಗೆ ಎಳೆ ಕೂಡಿಸಿ ತೊಡೆಯ ಮೇಲೆ ಒಂದು ಸಲ ಹೊಸೆದರೆ ಮುಗಿಯಿತು, ಎಲ್ಲಿ ಕೂಡಿತೆಂದು ಬೆರಳಿಗೂ ತಿಳಿಯದು, ನೈಲಾನು ಹಾಗಲ್ಲ, ಅದು ತನ್ನ ಜಾತಿಯ ಇನ್ನೊಂದು ಎಳೆಯೊಂದಿಗೂ ಬೆರೆಯುವುದಿಲ್ಲ, ನುಣುಚಿಕೊಳ್ಳುತ್ತದೆ, ಅದನ್ನು ಸುಡಬೇಕು. ಪೂರ್ತಿ ಬಿಚ್ಚಿ ಹೊಸ ದಾರ ಹಾಕಬಹುದಿತ್ತು, ಮುಂಭಾಗದ ಹೊಲಿಗೆ ಅಷ್ಟು ಒಪ್ಪವಾಗಿ ಬಂದಿತ್ತು, ಅಕ್ಷರ ಜೋಡಿಸಿದಂತೆ ಸಮನಾಗಿ, ಬಿಚ್ಚಲು ಮನಸ್ಸಾಗಲಿಲ್ಲ, ದಾರ ಮುಗಿದಲ್ಲಿಯೇ, ಕಾಲ ಹೆಬ್ಬೆರಳ ಬುಡದ ಉಬ್ಬು ಬಂದು ಊರುವ ಜಾಗದಲ್ಲಿಯೇ, ಬೆಂಕಿಕಡ್ಡಿ ಗೀರಿ ತುದಿಗೆ ಹಿಡಿದೆ, ದಾರ ಬೆಚ್ಚಿ ಹಿಂದಕ್ಕೆ ಸರಿಯಿತು, ಕುಗ್ಗಿತು, ತಲೆ ಬಗ್ಗಿಸಿ ಒಂದು ಹನಿಯಾಯಿತು, ಹನಿ ಕಪ್ಪಾಯಿತು, ಕಪ್ಪು ಗಟ್ಟಿಯಾಯಿತು, ಸಾಸಿವೆಯಷ್ಟು. ಸುತ್ತಿಗೆಯಿಂದ ತಟ್ಟಿದೆ, ಉಳಿದ ಗೇಣನ್ನು ಬೇರೆ ತುಂಡಿನಿಂದ ಹೊಲಿದೆ, ಮೇಲೆ ತೆಳುವಾದ ಒಳತೊಗಲು ಅಂಟಿಸಿದೆ, ಕೈಯ ಹೆಬ್ಬೆರಳು ಆಡಿಸಿ ನೋಡಿದೆ, ಮಟ್ಟಸ. ಹೆಬ್ಬೆರಳು. ಮೂವತ್ತೆಂಟು ವರ್ಷ ಸೀಮೆಸುಣ್ಣ ಹಿಡಿದು ತಿಕ್ಕಿ ಮಂದವಾದ ಹೆಬ್ಬೆರಳು, ಅದಕ್ಕೆ ಏನು ತಿಳಿಯುತ್ತದೆ. ಅಪ್ಪ ಬೆರಳನ್ನು ಎಂದೂ ನಂಬಲಿಲ್ಲ, ಆರಿ ಹಿಡಿದು ಜಡ್ಡುಗಟ್ಟಿದ ಬೆರಳು ಸುಳ್ಳು ಹೇಳತೈತಿ ಎನ್ನುತ್ತಿದ್ದ, ಹೊಲಿದು ಮುಗಿದ ಪ್ರತಿ ಜೋಡನ್ನೂ ಎತ್ತಿ ಅದರ ಒಳಮೈಯನ್ನು ತನ್ನ ಕೆನ್ನೆಗೆ ಒತ್ತಿ ನಿಧಾನವಾಗಿ ಹಿಮ್ಮಡಿಯಿಂದ ಬೆರಳ ತುದಿಯವರೆಗೆ ಎಳೆಯುತ್ತಿದ್ದ, ಕೆನ್ನೆಗೆ ಕೂದಲೆಳೆಯಷ್ಟು ಉಬ್ಬು ಸಿಕ್ಕರೂ ಮತ್ತೆ ಬಿಚ್ಚುತ್ತಿದ್ದ. ಗೌಡರ ಜೋಡು, ಪೊಲೀಸು ಪಟೇಲರ ಜೋಡು, ಯಾರ್ಯಾರದೋ. ಒಮ್ಮೆ ಅದನ್ನು ನನ್ನ ತರಗತಿಯ ಹುಡುಗನೊಬ್ಬ ನೋಡಿದ, ಮರುದಿನ ಮಾಸ್ತರರು ಬರುವ ಮುನ್ನ ತನ್ನ ಪಾಟಿಯನ್ನು ಕೆನ್ನೆಗೆ ಒತ್ತಿ, ಕಣ್ಣು ಮುಚ್ಚಿ, ಆಹಾ ಗೌಡರ ಕಾಲು ಎಷ್ಟು ತಂಪು ಎಂದ, ಇಡೀ ತರಗತಿ ಬೆಂಚು ಬಡಿದು ನಕ್ಕಿತು, ನಾನು ನೀರು ಕುಡಿಯಲು ಹೊರಗೆ ಹೋದವನು ಮರಳಿ ಒಳಗೆ ಬರಲು ಎಷ್ಟು ಹೊತ್ತು ತೆಗೆದುಕೊಂಡೆನೋ, ಆ ಹೊತ್ತಿನಲ್ಲಿಯೇ ಆಣೆ ಮಾಡಿಕೊಂಡೆ, ಸಾಯುವ ತನಕ ಯಾರ ಚಪ್ಪಲಿಯನ್ನೂ ಮುಖಕ್ಕೆ ಮುಟ್ಟಿಸುವುದಿಲ್ಲ. ಓದಿದೆ, ನೌಕರಿ ಹಿಡಿದೆ, ಸಭೆಗಳಲ್ಲಿ ವೇದಿಕೆಯ ಮೇಲೆ ಕುಳಿತೆ, ಆಣೆ ಉಳಿಯಿತು. ತಪ್ಪು ಎನ್ನಲೇ ಅದನ್ನು, ಆ ಹುಡುಗನ ಮುಂದೆ ಇನ್ನೇನು ಮಾಡಬೇಕಿತ್ತು ನಾನು, ನನ್ನ ಮುಖ ನನ್ನದು ಎಂದು ಒಂದು ಸಲವಾದರೂ ಹೇಳಬೇಡವೇ. ಸಂಗಮ್ಮನ ಬಲಗಾಲಿನ ಚಪ್ಪಲಿ ಕೈಯಲ್ಲಿದ್ದಾಗ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಕಿಟಕಿ ಮುಚ್ಚಿತ್ತು, ಒಂದು ಕ್ಷಣ ಕೈ ಮೇಲಕ್ಕೆದ್ದಿತ್ತು ಕೂಡ, ಗದ್ದದವರೆಗೆ ಬಂದು ನಿಂತಿತು, ನಾನು ಅದನ್ನು ಕೆಳಗಿಳಿಸಿದೆ, ಹೆಬ್ಬೆರಳು ಸಾಕು ಎಂದುಕೊಂಡೆ.

ಹದಿನೆಂಟು ದಿನ. ನೋಡ್ರಿ ಒಂದು ಹೊಲಿಗೀನೂ ಅಲ್ಲಾಡಿಲ್ಲ ಎಂದು ಓಣಿಯಲ್ಲೆಲ್ಲ ತೋರಿಸಿಕೊಂಡು ನಡೆದಳು, ಹದಿನೆಂಟು ದಿನ ಆ ಸಾಸಿವೆ ಬಿಸಿಗೂ ಭಾರಕ್ಕೂ ಮೆಲ್ಲಗೆ ಮೇಲೆದ್ದು ತೆಳುತೊಗಲಿನ ಮೂಲಕ ಅವಳ ಪಾದವನ್ನು ಕೊರೆಯಿತು, ಅವಳಿಗೆ ತಿಳಿಯಲಿಲ್ಲ, ನೋವು ಎಂಬ ಸುದ್ದಿಯನ್ನು ಆ ಕಾಲು ಎಂದೋ ನಿಲ್ಲಿಸಿತ್ತು. ದಿನಾ ಪಾದದ ಅಡಿ ನೋಡಬೇಕೆಂದು ಡಾಕ್ಟರು ನನಗೇ ಹೇಳಿದ್ದರು, ಅವಳು ಬಿಡುತ್ತಿರಲಿಲ್ಲ, ಗಂಡನ ಕೈಲೆ ಕಾಲು ಹಿಡಿಸಿಕೊಂಡ್ರ ನನಗ್ಯಾವ ನರಕರೀ, ಬಿಡ್ರಿ, ನಾನ ನೋಡ್ಕೋತೀನಿ, ಎಂದು ಕಾಲು ಸೀರೆಯೊಳಕ್ಕೆ ಎಳೆದುಕೊಳ್ಳುತ್ತಿದ್ದಳು, ಬಗ್ಗಿದರೆ ಅವಳ ಕಣ್ಣಿಗೆ ಅಡಿ ಕಾಣುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು, ಗೊತ್ತಿದ್ದೂ ಬಿಟ್ಟೆ, ಅವಳ ಪಾದ ನನ್ನ ಕೈಗೆ ಬರಬಾರದು, ಅವಳ ಚಪ್ಪಲಿ ನನ್ನ ಕೆನ್ನೆಗೆ ಬರಬಾರದು, ಮರ್ಯಾದೆಯುಳ್ಳ ಇಬ್ಬರು ಒಂದೇ ಮನೆಯಲ್ಲಿ ಬಾಳಿದೆವು. ಹತ್ತೊಂಬತ್ತನೆಯ ದಿನ ನೆಲ ಸಾರಿಸಿದ ಕಡೆಯಲ್ಲೆಲ್ಲ ಹೂವಿನಂತೆ — ಹೂವಿನಂತಲ್ಲ — ಕೀವು ಬೆರೆತ ಕಲೆಗಳು. ಜ್ವರ, ಮಕ್ತಲಿನ ದವಾಖಾನೆ, ಅಲ್ಲಿಂದ ರಾಯಚೂರು, ಬೆರಳು ಹೋಯಿತು, ಪಾದ ಹೋಯಿತು, ಸಾಲದು ಎಂದರು, ಮೊಣಕಾಲಿನ ಕೆಳಗಿನದು ಹೋಯಿತು. ಏನು ಚುಚ್ಚಿತ್ತಮ್ಮ ಎಂದು ಕೇಳಿದರು ಡಾಕ್ಟರು, ಮುಳ್ಳೋ, ಕಲ್ಲೋ, ನೆನಪು ಮಾಡಿಕೊಳ್ಳಿ. ಆಗ ಸಂಗಮ್ಮ ಹೇಳಿದಳು, ಹಾಸಿಗೆಯಲ್ಲಿ ಮಲಗಿ, ತಪ್ಪು ಮಾಡಿದ ಮಗುವಿನಂತೆ ಡಾಕ್ಟರನ್ನಲ್ಲ ನನ್ನನ್ನು ನೋಡುತ್ತ, ಒಂದಿನ ಹಿತ್ತಲಕ ಬರಿಗಾಲಾಗ ಹೋಗಿದ್ದೆರೀ, ಕರಿಬೇವು ಹರಕೊಂಡು ಬರಾಕ, ಚಪ್ಪಲಿ ಹೊಸ್ತಿಲದಾಗ ಬಿಟ್ಟಿದ್ದೆ, ಹೊಸಾವು, ಮಣ್ಣಾಗ್ತಾವಂತ, ಅಲ್ಲೆ ಜಾಲಿಮುಳ್ಳು ಬಿದ್ದಿರತಾವು, ಇವರು ಬ್ಯಾಡಂತ ಸಾರಿ ಸಾರಿ ಹೇಳ್ತಿದ್ರು, ನಾ ಕೇಳಲಿಲ್ಲ. ಡಾಕ್ಟರು ಬರೆದುಕೊಂಡರು. ಅವಳು ನನ್ನ ಅಂಗಿಯ ತೋಳು ಹಿಡಿದಳು, ಸಿಟ್ಟು ಮಾಡಬ್ಯಾಡ್ರಿ, ನಿಮ್ಮ ಕೈಕೆಲಸ ನಾ ಹಾಳು ಮಾಡಿದೆ. ಮತ್ತು ನಾನು ಏನೆಂದೆ, ಭಾಷೆಯನ್ನು ಬದುಕೆಲ್ಲ ಉಜ್ಜಿ ಹೊಳಪು ಮಾಡಿದವನು, ಒಂದು ಶಬ್ದದ ಸ್ಥಾನಕ್ಕಾಗಿ ವಾರಗಟ್ಟಲೆ ಒದ್ದಾಡಿದವನು, ಏನೆಂದೆ — ಹೂಂ ಎಂದೆ.

ಆಗ ನನಗೆ ತಿಳಿದಿರಲಿಲ್ಲ, ಅದೊಂದು ಸಮಾಧಾನ ಎರಡು ದಿನ ಇತ್ತು. ವಾರ್ಡಿನ ಆಯಾ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟ ಚಪ್ಪಲಿಗಳನ್ನು ಊರಿಗೆ ತಂದು, ಮಧ್ಯಾಹ್ನ ಮಾಳಿಗೆಯ ಮೇಲೆ ಕುಳಿತು, ಯಾಕೆ ಎಂದು ನನಗೂ ಹೇಳಿಕೊಳ್ಳದೆ, ರಂಪಿಗೆಯಿಂದ ಬಲಗಾಲಿನ ಒಳತೊಗಲು ಸೀಳಿದೆ. ದಾರ ಹೊಸದರಂತಿತ್ತು. ತೊಗಲಿನಲ್ಲಿ ಒಂದು ಕಪ್ಪು ತೂತು, ತೂತಿನ ಸುತ್ತ ಒಣಗಿದ ರಕ್ತದ ಅಂಚು, ನಡುವೆ ಅದು, ನುಣ್ಣಗೆ, ಉಗುರಿನಿಂದ ಮೀಟಿದರೆ ಟಿಕ್ ಎಂದಿತು. ಅಂದಿನಿಂದ ಸಾಸಿವೆ ಒಗ್ಗರಣೆಯ ವಾಸನೆ ಬಂದರೆ ನಾನು ಊಟದಿಂದ ಏಳುತ್ತೇನೆ, ಸಂಗಮ್ಮ ಕಟ್ಟಿಗೆಯ ಕೋಲೂರಿ ಒಲೆಯ ಮುಂದೆ ನಿಂತು, ನನ್ನ ಕಾಲು ಹೋದ ದುಃಖಕ್ಕ ನೀವು ಉಪವಾಸ ಬಿದ್ರ ಕಾಲು ಚಿಗೀತೈತೇನ್ರಿ, ಉಣ್ರಿ, ಎನ್ನುತ್ತಾಳೆ. ಅವಳು ಹಿತ್ತಲಿನ ಬಾಗಿಲಿಗೆ ತಾನೇ ಬೀಗ ಹಾಕಿಸಿದಳು. ಕರಿಬೇವಿನ ಗಿಡ ಕಡಿಸಿದಳು, ಆಳು ಕಡಿಯುವಾಗ ಮುಂದೆ ನಿಂತು, ಬುಡಮಟ ಕಡಿಯಪ್ಪಾ, ಇದಕ್ಕ ಆಸೆ ಬಿದ್ದ ನನಗ ಇದು ಸಾಕು, ಎಂದಳು, ನಾನು ಪಡಸಾಲೆಯಲ್ಲಿ ಪತ್ರಿಕೆ ಹಿಡಿದು ಕುಳಿತಿದ್ದೆ, ಕೊಡಲಿಯ ಪ್ರತಿ ಏಟಿಗೂ ಗಿಡದ ಹಸಿರು ವಾಸನೆ ಒಳಗೆ ಬರುತ್ತಿತ್ತು, ಎದ್ದು ಹೋಗಿ ನಿಲ್ಲಿಸು ಎನ್ನಬಹುದಿತ್ತು, ಗಿಡದ ತಪ್ಪಲ್ಲ, ನಿನ್ನ ತಪ್ಪಲ್ಲ, ನಾಲ್ಕು ಶಬ್ದ, ನಾಲ್ಕೇ ನಾಲ್ಕು, ಯಾವ ಛಂದಸ್ಸೂ ಬೇಡ ಅದಕ್ಕೆ. ಅಲ್ಲಿಂದೀಚೆಗೆ ದಿನವೂ ಹೇಳಬೇಕೆಂದು ಏಳುತ್ತೇನೆ, ಅವಳು ಕೋಲೂರಿ ಚಹಾ ತಂದುಕೊಡುತ್ತಾಳೆ, ಕುಡಿಯುತ್ತೇನೆ, ಹೇಳದೆ ಉಳಿದ ಪ್ರತಿ ದಿನವೂ ಹೇಳಬೇಕಾದ ಮಾತಿಗೆ ಇನ್ನೊಂದು ಎಳೆ ಹೊಸೆಯುತ್ತದೆ, ಅದು ದಪ್ಪವಾಗುತ್ತ ಹೋಗುತ್ತದೆ, ಈಗ ಯಾವ ಸೂಜಿಯ ಕಣ್ಣಿಗೂ ಹಿಡಿಯದು.

ಯಾವದು ಕೊಯ್ಲಿರಿ ಮಾಸ್ತರ್ರ, ನರಸಯ್ಯ ಕತ್ತರಿ ಹಿಡಿದಿದ್ದಾನೆ, ಮಧ್ಯಾಹ್ನದ ಬಸ್ಸು ತಪ್ಪಿಸಿಕೋತೀರಿ. ಅಗಸೆ ನಾರು ಚೆನ್ನಾಗಿದೆ, ಸುಡುವುದು ಬೇಡ, ಹೊಸೆಯಲೂಬಹುದು, ಆದರೆ ಕಂದು ಬಣ್ಣ, ನೋಡಿದ ಕೂಡಲೇ ಬೇರೆಯದು ಎಂದು ಗೊತ್ತಾಗುತ್ತದೆ, ಯಾಕೆ ಬದಲಾಯಿಸಿದಿರಿ ಎನ್ನುತ್ತಾಳೆ. ಹತ್ತಿ ಎಂದರೆ ಗದ್ವಾಲದ ಸಂತೆ ಎನ್ನುತ್ತಾಳೆ, ಆಗಲಾದರೂ ಎರಡು ಕಾಲು ಇತ್ತು, ರಬ್ಬರು ಕಾಲು ಹಾಕಿಕೊಂಡು ರಸ್ತೆಯ ನಡುವೆ ಹೊಲಿಗೆ ಬಿಟ್ಟರೆ ನನ್ನ ಎತ್ತುವವರು ಯಾರು ಎನ್ನುತ್ತಾಳೆ, ಅದೂ ನಿಜ, ಅವಳಿಗೆ ಈಗ ಹರಿಯದ ದಾರ ನಿಜವಾಗಿಯೂ ಬೇಕು, ಒಂದು ಕಾಲಿಗೆ. ರಬ್ಬರಿಗೆ ಗಾಯವಾಗುವುದಿಲ್ಲ. ನೈಲಾನನ್ನು ಬಲಕ್ಕೆ ಹಾಕಬಹುದು, ಎಷ್ಟು ಸಾಸಿವೆಗಳನ್ನು ಬೇಕಾದರೂ ಸುಟ್ಟು ಸಾಲಾಗಿ ಜೋಡಿಸಬಹುದು, ಆ ಕಾಲನ್ನು ಇನ್ನು ನಾನು ಏನೂ ಮಾಡಲಾರೆ. ಎಡಕ್ಕೆ, ಜೀವವಿದ್ದೂ ಅರಿವಿಲ್ಲದ ಎಡಕ್ಕೆ, ಹತ್ತಿ ನೂಲು, ಅದನ್ನು ಹೊಸೆದು ದೀಪದ ಕಾಡಿಗೆಯನ್ನು ಮೇಣದಲ್ಲಿ ಕಲಸಿ ತಿಕ್ಕಿದರೆ ನೈಲಾನಿನಷ್ಟೇ ಕಪ್ಪಾಗುತ್ತದೆ, ಹೊಳಪೂ ಬರುತ್ತದೆ, ಪಕ್ಕಪಕ್ಕ ಇಟ್ಟರೂ ಅವಳ ಕಣ್ಣಿಗೆ ತಿಳಿಯದು — ನೋಡು, ಎಷ್ಟು ಬೇಗ ಯೋಚಿಸುತ್ತೇನೆ, ಮೋಸ ಎಂದ ಕೂಡಲೇ ನನ್ನ ಕೈಗೆ ಎಷ್ಟು ಕಸುಬು ಬರುತ್ತದೆ, ಒಂದು ಗಳಿಗೆ ಮನಸ್ಸು ಹಗುರಾಗಿ, ಕಾಡಿಗೆಗೆ ಹರಳೆಣ್ಣೆ ಸೇರಿಸಬೇಕೋ ಬೇಡವೋ ಎಂದು ಲೆಕ್ಕ ಹಾಕುತ್ತಿದ್ದೇನೆ. ಆದರೆ ಹತ್ತಿ ಸೋಲುತ್ತದೆ, ಅದರ ಗುಣವೇ ಅದು, ಒಂದು ವರ್ಷ, ಹೆಚ್ಚೆಂದರೆ ಒಂದೂವರೆ, ಎಡಗಾಲಿನ ಹೊಲಿಗೆ ಮಾತ್ರ ಬಿಟ್ಟುಕೊಳ್ಳುತ್ತದೆ, ಬಲಗಾಲಿನದು ಕಲ್ಲಿನಂತಿರುತ್ತದೆ, ಅವಳು ಎರಡನ್ನೂ ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯುತ್ತಾಳೆ, ಏನ್ರೀ ಇದು ಎನ್ನುತ್ತಾಳೆ. ಅಲ್ಲಿಯವರೆಗೆ. ಅಂದು ಹೇಳಿದರಾಯಿತು. ಅಷ್ಟು ದಿನ ನಾನಿರದಿದ್ದರೂ ಆಯಿತು, ಎಂಬ ಯೋಚನೆ ಬಂತು, ಬಂದದ್ದು ನಿಜ.

ಜೇಬಿನಲ್ಲಿ ಫೋನು ನಡುಗಿತು, ಸಂಗಮ್ಮ, ಎಲ್ಲಿದೀರಿ, ಉಂಡೀರೋ ಇಲ್ಲೋ, ಮಾತ್ರಿ ತಗೊಂಡೀರಾ, ಅಂಗಡ್ಯಾಗ ಅದೀನಿ ಎಂದೆ, ನರಸಯ್ಯಣ್ಣ ಅದಾರೇನು, ಸ್ಪೀಕರ್ ಹಾಕ್ರಿ, ಹಾಕಿದೆ. ನಮಸ್ಕಾರಕ್ಕಾ, ಎಂದ ನರಸಯ್ಯ ಹಲಗೆಯ ಮೇಲಿಟ್ಟ ಫೋನಿನತ್ತ ಬಗ್ಗಿ, ನಿಮ್ಮ ಯಜಮಾನ್ರು ಮೂರು ದಾರ ಮುಂದಿಟ್ಟುಕೊಂಡು ಮದಿವಿ ಮಾತುಕತಿ ಮಾಡಾಕ ಹತ್ಯಾರ. ಗೊತ್ತೈತಣ್ಣ, ಅವರಿಗೆ ಉಪ್ಪು ತರಾಕ ಹೇಳಿದ್ರೂ ಸಮುದ್ರದ ಮ್ಯಾಲ ಪದ್ಯ ಬರಕೊಂಡು ಬರ್ತಾರ, ನಕ್ಕಳು, ನಾಲ್ಕು ತಿಂಗಳ ಮೇಲೆ ಆ ನಗು ಹಾಗೆ ಕೇಳಿದ್ದು ಇದೇ ಮೊದಲು, ಕೇಳ್ರಿಲ್ಲಿ ಅಣ್ಣ, ಹೋದ ಸಲ ಕೊಟ್ಟಿದ್ರಲ್ಲ ಕರೀದು, ನೈಲಾನು, ಅದ ಕೊಡ್ರಿ, ಎರಡಕ್ಕೂ ಅದ, ಬ್ಯಾರೆ ಏನಾರ ಅಂದ್ರ ಕೇಳಬ್ಯಾಡ್ರಿ. ನಾನು ಸಂಗಮ್ಮ ಎಂದೆ, ಹತ್ತೀದು ಮೆತ್ತಗಿರತೈತಿ ಎಂದೆ. ಮೆತ್ತಗಿದ್ದು ನಾ ಬೀಳಬೇಕೇನು, ಆ ದಾರ ನನಗೇನು ಮಾಡಿತ್ರಿ, ಹರೀಲಿಲ್ಲ, ಬಿಚ್ಚಲಿಲ್ಲ, ಕಾಲು ಹೋತು, ಹೊಲಿಗಿ ನಿಂತಿತ್ತು. ನರಸಯ್ಯ ನಗುವುದನ್ನು ನಿಲ್ಲಿಸಿ ತಲೆ ಬಗ್ಗಿಸಿದ. ಸಂಗಮ್ಮ, ಎಂದೆ ಮತ್ತೆ, ಆ ಗಾಯ, ಎಂದೆ, ಫೋನಿನತ್ತ ಬಗ್ಗಿದೆ, ಅಂಗಡಿಯಲ್ಲಿಯೇ ಆಗಲಿ, ನರಸಯ್ಯನ ಮುಂದೆಯೇ ಆಗಲಿ, ಮೆಟ್ಟಿಲ ಕೆಳಗೆ ನಿಂತು ಹೇಳಬೇಕಾದರೂ ಹೇಳುತ್ತೇನೆ, ಆ ಗಾಯ ಆದದ್ದು — ಗೊತ್ತೈತ್ರಿ, ಎಂದಳು ಅವಳು, ದನಿ ಇಳಿಯಿತು, ಸ್ಪೀಕರ್ ಇದೆಯೆಂದು ಮರೆತಳೋ ಏನೋ, ಗೊತ್ತೈತಿ, ಅದನ್ನ ಎಷ್ಟು ಸಲ ಅಂತೀರಿ ಮನಸಿನಾಗ, ಬಾಯಿಲೆ ಅನ್ನದಿದ್ರೂ ನಿಮ್ಮ ಮಾರಿ ನೋಡಿದ್ರ ತಿಳೀತೈತಿ ನನಗ, ತಪ್ಪು ನಂದ, ಕಾಲು ಜ್ವಾಕಿ ಮಾಡಲಿಲ್ಲ, ನಾಲ್ಕು ತಿಂಗಳಾತು ನನ್ನ ಜೋಡಿ ನೆಟ್ಟಗ ಮಾತಾಡಿಲ್ಲ ನೀವು, ಇನ್ನ ಸಾಕು ಮಾಡ್ರಿ ಸಿಟ್ಟು, ಉಳದದ್ದು ಒಂದು ಐತಿ, ಇದನ್ನ ಒಂದು ಹೆಜ್ಜಿ ಬರಿಗಾಲಾಗ ಇಡಂಗಿಲ್ಲ, ನೀವು ಹೊಲಿದದ್ದನ್ನ ಹಾಸಿಗ್ಯಾಗ ಬೇಕಾದ್ರೂ ಹಾಕ್ಕೊಂಡ ಮಲಗ್ತೀನಿ, ಆತಿಲ್ಲೋ, ಕ್ಷಮಾ ಮಾಡಿದಿರಿಲ್ಲೋ, ಹೇಳ್ರಿ. ಮಗ್ಗಗಳು ಬಡಿಯುತ್ತಿವೆ, ಒಂದು ನಿಂತರೆ ಇನ್ನೊಂದು, ಫೋನಿನೊಳಗೆ ಅವಳ ಉಸಿರು, ನರಸಯ್ಯ ನಮ್ಮಿಬ್ಬರ ಮಾತು ತನಗೆ ಕೇಳಿಸಲಿಲ್ಲವೆಂಬಂತೆ ಬೆನ್ನು ತಿರುಗಿಸಿದ್ದಾನೆ, ಹೇಳ್ರಿ, ಎಂದಳು, ಬಾಯಿ ತೆರೆಯಿತು, ಹೂಂ ಎಂದಿತು. ಹಾಂ, ಹಂಗನ್ರಿ, ಎಂದಳು, ಅಳುತ್ತಿದ್ದಳೋ ನಗುತ್ತಿದ್ದಳೋ, ಲಗೂನ ಬರ್ರಿ, ಬಿಸಿ ರೊಟ್ಟಿ ಮಾಡಿರ್ತೀನಿ. ಆ ಹೂಂ ತನಗೂ ಹೇಳಿದ್ದೆಂದು ನರಸಯ್ಯ ತಿಳಿದ, ಕಪ್ಪು ಉಂಡೆ ಎತ್ತಿದ, ಎರಡು ಜೋಡಿಗೆ ಆಗುವಷ್ಟು ಕೊಡತೀನಿ, ಕಡಿಮಿ ಬೀಳಬಾರದು, ಎಂದ, ಮಾರಿಗೆ ಮಾರು ಅಳೆದ, ಕತ್ತರಿಸಿದ, ಎಳೆ ಬಿಚ್ಚಿಕೊಳ್ಳಬಾರದೆಂದು ಬೆಂಕಿಪೊಟ್ಟಣ ತೆಗೆದು ಕಡ್ಡಿ ಗೀರಿದ, ಬಿಸಿಲಲ್ಲಿ ಉರಿ ಕಾಣುವುದಿಲ್ಲ, ದಾರದ ತುದಿ ಬೆಚ್ಚಿ ಹಿಂದಕ್ಕೆ ಸರಿಯುತ್ತದೆ, ಕುಗ್ಗುತ್ತದೆ, ತಲೆ ಬಗ್ಗಿಸುತ್ತದೆ, ಹನಿ, ಕಪ್ಪು, ಅವನು ಉಫ್ ಎಂದು ಊದುತ್ತಾನೆ, ತಗೋರಿ ಎನ್ನುತ್ತಾನೆ, ಅದು ಅವನ ಎರಡು ಬೆರಳ ನಡುವೆ, ಕಪ್ಪಗೆ, ನುಣ್ಣಗೆ, ಸಾಸಿವೆಯಷ್ಟು, ಸಾಸಿವೆಯಷ್ಟು, ಇಷ್ಟೇ ಇಷ್ಟು —